ಅಣ್ಣನ ನೆಟ್‌ವರ್ಕಿನಿಂದ ತಮ್ಮನ ನೆಟ್‌ವರ್ಕಿಗೆ

“ಸ್ವಲ್ಪ ಈ ಕಡೆಯಿಂದ ಆ ಕಡೆಗೆ ಸರಿಸಿಬಿಡಿ” ಎನ್ನುವ ಮಾತಿದೆಯಲ್ಲ, ಅದರಷ್ಟು ಮೋಸದ ಮಾತು ಇನ್ನೊಂದಿಲ್ಲ. ಹೇಳುವವರಿಗೆ ಅದು ಬರೀ ಬಾಯಿಮಾತು, ಸರಿಸುವವರ ಸೊಂಟ ಬಿದ್ದುಹೋಗುತ್ತದೆ. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಅಡುಗೆಮನೆಯ ಫ್ರಿಜ್ಜನ್ನು ಹಾಲಿಗೆ ಸರಿಸೋಣ ಎಂದು ನನ್ನ ಗಂಡ ಒಂದು ದಿನ ಕಾಫಿ ಕುಡಿಯುತ್ತಾ ಹೇಳಿದರು. ಆಯಿತಪ್ಪ ಎಂದು ಇಬ್ಬರೂ ಸೇರಿ ತಳ್ಳಿದೆವು. ಹಾಲಿನ ಪ್ಲಗ್ಗಿಗೆ ಫ್ರಿಜ್ಜಿನ ದಪ್ಪ ಪಿನ್ನು ಹಿಡಿಸಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಹೊಸ ಪಾಯಿಂಟಿಗೆಂದು ಗೋಡೆ ಕೊರೆದ. ಗೋಡೆ ಕೊರೆಯಲು ಸೋಫಾ ಅಡ್ಡ ಬಂತು, ಅದು ರೂಮಿಗೆ ಹೋಯಿತು. ರೂಮಿನಲ್ಲಿ ಸೋಫಾ ಕೂತಮೇಲೆ ಬೀರುವಿನ ಬಾಗಿಲು ತೆಗೆಯಲಾಗಲಿಲ್ಲ. ಬೀರುವಿನಲ್ಲಿ ಇವರ ಪ್ಯಾಂಟುಗಳಿದ್ದವು. ಪಂಚೆ ಉಟ್ಟುಕೊಂಡು ಆಫೀಸಿಗೆ ಹೋಗಲಾದೀತೇ? ಕೊನೆಗೆ ಫ್ರಿಜ್ಜು ಮರಳಿ ಅಡುಗೆಮನೆಗೇ ಬಂತು. ಗೋಡೆಯ ತೂತು ಮಾತ್ರ ಹಾಗೇ ಉಳಿದಿದೆ. ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೇವೆ.

ನನ್ನ ಕೆಲಸವೂ ಹೆಚ್ಚು ಕಡಿಮೆ ಇದೇ ಜಾತಿಯದು. ಮಾಚೇನಹಳ್ಳಿಯ ಕೆಲವು ಸಣ್ಣ ಕಾರ್ಖಾನೆಗಳ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಪೂರ್ತಿ ದಿನಕ್ಕೆ ಒಬ್ಬರನ್ನು ಇಟ್ಟುಕೊಳ್ಳುವಷ್ಟು ದೊಡ್ಡ ಕಾರ್ಖಾನೆ ಯಾವುದೂ ಅಲ್ಲ, ಹಾಗೆಂದು ಕಂಪ್ಯೂಟರ್ ಇಲ್ಲದೆ ಯಾರಿಗೂ ನಡೆಯುವುದಿಲ್ಲ. ಹಾಗಾಗಿ ಪಾತ್ರೆ ತೊಳೆಯುವವರನ್ನು ನಾಲ್ಕು ಮನೆಯವರು ಹಂಚಿಕೊಳ್ಳುವಂತೆ ನನ್ನನ್ನು ಹಂಚಿಕೊಂಡಿದ್ದಾರೆ. ಸ್ಕೂಟರಿನಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಓಡಾಡುತ್ತೇನೆ. ವಯಸ್ಸಾದ ಮಾಲೀಕರಿಗೂ ನಾನು ಗೀತಕ್ಕ, ನಿನ್ನೆ ಕೆಲಸಕ್ಕೆ ಸೇರಿದವರಿಗೂ ಗೀತಕ್ಕ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. “ಗೀತಕ್ಕ, ಪ್ರಿಂಟರ್ ಕೆಲಸ ಮಾಡ್ತಿಲ್ಲ” ಎಂದು ಕರೆಸಿ, ಹೋಗಿ ನೋಡಿದರೆ ಸ್ವಿಚ್ಚೇ ಹಾಕಿಲ್ಲದಿದ್ದಾಗ ನಾನು ಆಡುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಹೀಗೆ ನಾನು ನೋಡಿಕೊಳ್ಳುವ ಕಡೆಗಳಲ್ಲಿ ಮಂಜಣ್ಣ ಮತ್ತು ಸುರೇಶ ಎಂಬ ಅಣ್ಣತಮ್ಮಂದಿರದೂ ಒಂದು. ಅಡಿಕೆ ಸುಲಿಯುವ ಯಂತ್ರಗಳಿಗೆ ಬ್ಲೇಡು, ಚಕ್ರ, ಇತ್ಯಾದಿ ಬಿಡಿಭಾಗಗಳನ್ನು ಮಾಡುತ್ತಾರೆ. ಮಾಚೇನಹಳ್ಳಿಯ ವರ್ಕ್‌ಶಾಪ್ ಅಣ್ಣ ಮಂಜಣ್ಣನದು. ಭದ್ರಾವತಿಯಲ್ಲಿ ಮಾರಾಟದ ಅಂಗಡಿ, ರಿಪೇರಿ, ತಮ್ಮ ಸುರೇಶನದು. ಇಬ್ಬರ ಬಿಲ್ಲು, ಸ್ಟಾಕು, ಗಿರಾಕಿಗಳ ವಿವರ ಎಲ್ಲವೂ ಒಂದೇ ಮೆಷಿನ್ನಿನಲ್ಲಿ. ಈ ಮೆಷಿನ್ ಕಣ್ಣಿಗೆ ಕಾಣುವಂಥದ್ದಲ್ಲ, ಕ್ಲೌಡ್‌ನಲ್ಲಿದೆ. ಅಂದರೆ ಎಲ್ಲೋ ಯಾರದೋ ದೊಡ್ಡ ಕಟ್ಟಡದಲ್ಲಿರುವ ಕಂಪ್ಯೂಟರುಗಳಲ್ಲಿ ನಮಗೊಂದು ಪಾಲು, ಬಾಡಿಗೆಗೆ. ಇದನ್ನು ಮಂಜಣ್ಣನಿಗೆ ಅರ್ಥಮಾಡಿಸುವುದರಲ್ಲಿ ನನಗೆ ಸಾಕುಸಾಕಾಗಿತ್ತು. ಆಯುಧಪೂಜೆಯ ದಿನ ಲೇತ್, ಡ್ರಿಲ್ಲು, ವ್ಯಾನು ಎಲ್ಲಕ್ಕೂ ಕುಂಕುಮ ಹಚ್ಚಿಕೊಂಡು ಬಂದು, “ಗೀತಕ್ಕ, ಆ ಮೇಲಿರೋದಕ್ಕೆ ಎಲ್ಲಿ ಹಚ್ಲಿ?” ಎಂದು ಬಟ್ಟಲು ಹಿಡಿದು ನಿಂತರು. ನಾನು ಯೋಚಿಸಿ ಇಂಟರ್‌ನೆಟ್ ಡಬ್ಬಿ ತೋರಿಸಿದೆ. ಅದಕ್ಕೆ ಸೇವಂತಿಗೆಯನ್ನೂ ಸಿಕ್ಕಿಸಿದರು. ಡಬ್ಬಿ ಬಿಸಿಯಾಗಿ ಮಧ್ಯಾಹ್ನದ ಹೊತ್ತಿಗೆ ಇಂಟರ್‌ನೆಟ್ ನಿಂತುಹೋಯಿತು. ಹೂವು ತೆಗೆಸಲು ಮತ್ತೆ ನಾನೇ ಹೋಗಬೇಕಾಯಿತು.

ಅಣ್ಣತಮ್ಮಂದಿರು ಜಗಳವಾಡಿದರು. ಯಾಕೆ ಎಂದರೆ ಇಬ್ಬರೂ ಬೇರೆಬೇರೆ ಕಾರಣ ಹೇಳುತ್ತಾರೆ. ತಮ್ಮ ಕೇಳದೆ ಹೊಸ ವ್ಯಾನ್ ಬುಕ್ ಮಾಡಿದ ಎಂದು ಅಣ್ಣ. ಗಿರಾಕಿಗಳ ಎದುರಿಗೆ ಅಣ್ಣ “ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು” ಅಂದ ಎಂದು ತಮ್ಮ. ಮಾತು ನಿಂತಿತು. ಮಾತು ನಿಂತಮೇಲೆ ಪಾಲಾಗುವುದು ತಡವೇ? ಹಿರಿಯರು ಕೂತು ವರ್ಕ್‌ಶಾಪ್ ಅಣ್ಣನಿಗೆ, ಅಂಗಡಿ ತಮ್ಮನಿಗೆ ಎಂದು ಹೇಳಿ, ಊಟ ಮಾಡಿ ಎದ್ದುಹೋದರು. ಪಾಲು ಮಾಡಿದವರಿಗೆ ಲೇತ್, ವ್ಯಾನು, ಕುರ್ಚಿ, ಫ್ಯಾನು ಎಲ್ಲವೂ ಕಂಡಿದ್ದವು. ಕಾಣದೆ ಉಳಿದದ್ದು ಮೇಲಿನ ಮೆಷಿನ್ ಒಂದೇ. ಗಿರಾಕಿಗಳೆಲ್ಲ ಅಂಗಡಿಗೆ ಬರುವವರು, ಹಾಗಾಗಿ ಅದು ತಮ್ಮನಿಗೇ ಸೇರಬೇಕು ಎಂದು ಆಮೇಲೆ ಆಡಿಟರು ಹೇಳಿದರು. ಅಣ್ಣನ ಬಿಡಿಭಾಗಗಳ ಡ್ರಾಯಿಂಗುಗಳಿಗೆ ನಾನು ಬೇರೆ ಚಿಕ್ಕ ಮೆಷಿನ್ ಮಾಡಿಕೊಟ್ಟೆ.

ಅಲ್ಲಿಗೆ ಸುರೇಶ ನನಗೆ ಫೋನ್ ಮಾಡಿ ಆ ಮಾತು ಹೇಳಿಯೇಬಿಟ್ಟ. “ಗೀತಕ್ಕ, ಆ ಮೆಷಿನ್ ಅಣ್ಣನ ನೆಟ್‌ವರ್ಕಲ್ಲಿದೆಯಲ್ಲ, ಸ್ವಲ್ಪ ನನ್ ನೆಟ್‌ವರ್ಕಿಗೆ ಸರಿಸ್ಬಿಡಿ.”

ಕ್ಲೌಡ್‌ನಲ್ಲಿ ನೆಟ್‌ವರ್ಕ್ ಎಂದರೆ ಒಂದು ಕಾಂಪೌಂಡ್ ಇದ್ದಂತೆ. ಒಳಗಿರುವ ಮೆಷಿನ್ನುಗಳು ಒಂದನ್ನೊಂದು ನೋಡಬಹುದು, ಹೊರಗಿನವರು ಇಣುಕುವಂತಿಲ್ಲ. ಪಾಲಾದಮೇಲೆ ಸುರೇಶನಿಗೂ ಒಂದು ಹೊಸ ಕಾಂಪೌಂಡ್ ಕಟ್ಟಿಕೊಟ್ಟಿದ್ದೆ, ಅದರ ಬೀಗದ ಕೈ ಅವನ ಹತ್ತಿರವೇ. ಇನ್ನು ಮೆಷಿನ್ನನ್ನು ಈ ಕಾಂಪೌಂಡಿನಿಂದ ಆ ಕಾಂಪೌಂಡಿಗೆ ಎತ್ತಿಟ್ಟರೆ ಮುಗಿಯಿತು ಎಂದುಕೊಂಡೆ. ಓದಿ ನೋಡಿದರೆ ಹಾಗೆ ಎತ್ತಿಡಲು ಬರುವುದೇ ಇಲ್ಲ! ಮೆಷಿನ್ ಹುಟ್ಟುವಾಗ ಯಾವ ನೆಟ್‌ವರ್ಕಿನಲ್ಲಿ ಹುಟ್ಟಿತೋ ಅಲ್ಲೇ ಅದರ ಜೀವಮಾನ. ಬದಲಾಯಿಸಬೇಕೆಂದರೆ ಮೆಷಿನ್ನನ್ನು ಡಿಲೀಟ್ ಮಾಡಬೇಕು. ಅದರ ಡಿಸ್ಕನ್ನು ಮಾತ್ರ ಉಳಿಸಿಕೊಂಡು, ಆ ಡಿಸ್ಕಿನಿಂದ ಹೊಸ ನೆಟ್‌ವರ್ಕಿನಲ್ಲಿ ಮತ್ತೆ ಹುಟ್ಟಿಸಬೇಕು. ಡಿಸ್ಕಿನಲ್ಲಿ ಎಲ್ಲ ನೆನಪೂ ಇರುತ್ತದೆ, ಏನೂ ಹೋಗುವುದಿಲ್ಲ. ಆದರೂ ಡಿಲೀಟ್ ಎನ್ನುವ ಪದವೇ ನನಗಾಗದು. ಬೇಡದ ಮೆಸೇಜುಗಳನ್ನು ಅಳಿಸುವಾಗಲೂ ಒಮ್ಮೆ ಓದಿ ಅಳಿಸುವವಳು ನಾನು.

ಈಗ ಮೆಷಿನ್ ಇರುವುದು ಅಣ್ಣನ ಕಾಂಪೌಂಡಿನಲ್ಲಾದ್ದರಿಂದ ಅಣ್ಣನ ಒಪ್ಪಿಗೆ ಬೇಕು. ಮಂಜಣ್ಣನ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಗ್ರೀಸ್ ಕೈಯನ್ನು ಒರೆಸುತ್ತಾ ಒರೆಸುತ್ತಾ ನಿಂತುಬಿಟ್ಟರು.

“ಡಿಲೀಟಾ?”

“ಮತ್ತೆ ಹುಟ್ಟುತ್ತೆ ಮಂಜಣ್ಣ. ಡಿಸ್ಕ್ ಇರುತ್ತೆ.”

“ಅಲ್ಲಿ ಹುಟ್ಟುತ್ತೆ. ಇಲ್ಲಿಂದ ಕಾಣ್ಸುತ್ತಾ?”

“ಇಲ್ಲಿಂದ ಯಾಕೆ ಕಾಣ್ಸಬೇಕು? ಪಾಲಾಯ್ತಲ್ಲ.”

“ಹೌದೌದು, ಪಾಲಾಯ್ತು” ಎಂದರು. ಗೋಡೆಯ ಕ್ಯಾಲೆಂಡರ್ ನೋಡಿ, “ಈ ವಾರ ಬೇಡ. ಅಮಾವಾಸ್ಯೆ ಇದೆ” ಎಂದರು.

ಅಮಾವಾಸ್ಯೆ ಕಳೆಯಿತು. ಮಂಗಳವಾರ ಕೇಳಿದರೆ ಮಂಗಳವಾರ ಮನೆಯಿಂದ ಏನನ್ನೂ ಹೊರಗೆ ಕಳಿಸಬಾರದಂತೆ. ಶನಿವಾರವಂತೂ ಕೇಳುವುದೇ ಬೇಡ. ಒಂದು ದಿನ ಎಲ್ಲವೂ ಸರಿಯಿತ್ತು, ಆದರೆ ನಾನು ಕೆಲಸಕ್ಕೆ ಕೈಹಾಕುವ ಹೊತ್ತಿಗೆ ವರ್ಕ್‌ಶಾಪಿನ ಬೆಕ್ಕು ಸೀನಿತು. ಬೆಕ್ಕು ಸೀನುವುದನ್ನು ಶಕುನದ ಲೆಕ್ಕಕ್ಕೆ ತೆಗೆದುಕೊಳ್ಳುವವರನ್ನು ನಾನು ಮೊದಲ ಸಲ ನೋಡಿದ್ದು. ಅತ್ತ ಸುರೇಶ, “ಏನ್ ಗೀತಕ್ಕ, ಅಣ್ಣ ಕೊಡಲ್ಲ ಅಂತಾನಾ? ಹೇಳಿ, ನಾನೂ ನೋಡ್ಕೋತೀನಿ” ಎಂದು ಫೋನಿನಲ್ಲಿ ಕುದಿಯುತ್ತಿದ್ದ. ಇವರಿಬ್ಬರ ನಡುವೆ ಸುದ್ದಿ ಹೊತ್ತು ಓಡಾಡಿ ನನಗೆ ತಲೆ ಕೆಟ್ಟುಹೋಯಿತು. ಕೊನೆಗೆ ಒಂದು ಬೆಳಿಗ್ಗೆ, ಇವತ್ತು ಎರಡರಲ್ಲೊಂದು ಆಗಲಿ ಎಂದು ವರ್ಕ್‌ಶಾಪ್ ತೆಗೆಯುವ ಹೊತ್ತಿಗೇ ಹೋದೆ.

ಮಂಜಣ್ಣ ತಮ್ಮ ಚಿಕ್ಕ ಆಫೀಸಿನಲ್ಲಿ ಕಂಪ್ಯೂಟರಿನ ಎದುರು ಕೂತಿದ್ದರು. ಪಕ್ಕದಲ್ಲಿ ಟೀ ಲೋಟ, ಮುಟ್ಟಿರಲಿಲ್ಲ. ನಾನು ಬಂದದ್ದು ಗೊತ್ತಾಗಲಿಲ್ಲ. ಪರದೆಯ ಮೇಲೆ ಅದೇ ಮೆಷಿನ್ನಿನ ಪುಟ. ಯಾರು ಯಾರು ಒಳಗೆ ಬಂದಿದ್ದಾರೆ ಎಂದು ತೋರಿಸುವ ಜಾಗ ಅದರಲ್ಲಿದೆ. ಬಂದವರ ಹೆಸರಿನ ಪಕ್ಕ ಹಸಿರು ಚುಕ್ಕೆ, ಬಾರದವರದು ಬೂದು. ಸುರೇಶನ ಹೆಸರು ಬೂದುಬಣ್ಣದಲ್ಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಹಸಿರಾಯಿತು. ಮಂಜಣ್ಣ ಉಸಿರು ಬಿಟ್ಟರು. ಲೋಟ ಎತ್ತಿಕೊಂಡು ಟೀ ಕುಡಿದರು.

ಆಮೇಲೆ ನನ್ನನ್ನು ನೋಡಿ ಗಾಬರಿಯಾದರು.

ಹಿಂದಿನ ಮಳೆಗಾಲದಲ್ಲಿ ಸುರೇಶ ಯಾರದೋ ಯಂತ್ರ ರಿಪೇರಿಗೆ ಹೋಗಿ ಆಯನೂರಿನ ಹತ್ತಿರ ಬೈಕಿನಿಂದ ಬಿದ್ದಿದ್ದ. ಜೀವಕ್ಕೇ ಬಂದಿತ್ತು. ಆಗ ಇನ್ನೂ ಮಾತಿತ್ತು, ಅಣ್ಣನೇ ಆಸ್ಪತ್ರೆಯಲ್ಲಿ ಕೂತಿದ್ದು. ಅವನೋ ವಾಸಿಯಾದಮೇಲೂ ಬೈಕು ಬಿಟ್ಟವನಲ್ಲ. ಬೆಳಗಾಗುವ ಮೊದಲೇ ಹಳ್ಳಿಗಳ ಕಡೆ ಹೋಗಿ ಬಂದು ಆಮೇಲೆ ಅಂಗಡಿ ತೆಗೆಯುತ್ತಾನೆ. ತೆಗೆದು ಮೊದಲು ಮಾಡುವ ಕೆಲಸ ಕಂಪ್ಯೂಟರ್ ಹಾಕುವುದು.

“ಹಸಿರು ಬಂದ್ರೆ ಬಂದು ತಲುಪಿದ ಅಂತ ಅರ್ಥ” ಎಂದರು ಮಂಜಣ್ಣ, ಲೋಟದೊಳಗೆ ನೋಡುತ್ತಾ. “ಅಷ್ಟೇ. ಬಿಲ್ಲುಗಿಲ್ಲು ನಂಗೆ ಬೇಡ ಗೀತಕ್ಕ. ಆ ಮೆಷಿನ್ ಅವನೇ ಇಟ್ಕೊಳ್ಲಿ.”

“ಒಂದು ಫೋನ್ ಮಾಡೋಕಾಗಲ್ವಾ ಮಾರಾಯ್ರೇ?”

“ಅವನೂ ಮಾಡ್ಬಹುದಲ್ಲ?” ಎಂದು ಮುಖ ಗಂಟು ಹಾಕಿದರು. ಮರುಗಳಿಗೆಯಲ್ಲೇ ದನಿ ತಗ್ಗಿಸಿ, “ಅವನಿಗೆ ಹೇಳ್ಬೇಡಿ ಮತ್ತೆ” ಎಂದರು.

ಅಮಾವಾಸ್ಯೆ, ಮಂಗಳವಾರ, ಬೆಕ್ಕು ಎಲ್ಲದರ ಅರ್ಥ ನನಗೆ ಆಗ ಆಯಿತು. ಇಷ್ಟು ದಿನ ಇವರನ್ನು ಜಿಪುಣ, ಹಟಮಾರಿ ಎಂದೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಪಾಪ, ಮನುಷ್ಯ ದಿನಾ ಬೆಳಿಗ್ಗೆ ಒಂದು ಚುಕ್ಕೆ ನೋಡಿಕೊಂಡು ಬದುಕುತ್ತಿದ್ದರು. ಮೆಷಿನ್ ಆ ಕಡೆ ಹೋದರೆ ಅದೂ ಇಲ್ಲ. ಮನಸ್ಸು ಕರಗಿದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ, ಅದೊಂದು ಕೆಟ್ಟ ಅಭ್ಯಾಸ. “ಅದಕ್ಕೆ ಬೆಕ್ಕಿನ ಮೇಲೆ ಯಾಕೆ ಹಾಕ್ತೀರಿ? ಬಾಯಿ ಬಿಟ್ಟು ಹೇಳಿದ್ರೆ ದಾರಿ ಇಲ್ವಾ?” ಎಂದು ಕಿರುಚಿದೆ. ಲೇತ್ ಮುಂದೆ ನಿಂತಿದ್ದವರು ತಿರುಗಿ ನೋಡಿದರು.

ದಾರಿ ಇತ್ತು. ಎರಡು ನೆಟ್‌ವರ್ಕುಗಳ ನಡುವೆ ಒಂದು ಬಾಗಿಲು ಇಡಬಹುದು, ಅದಕ್ಕೆ ಪೀರಿಂಗ್ ಎನ್ನುತ್ತಾರೆ. ಪಾಲಾದ ಮನೆಯಲ್ಲಿ ನಡುಮನೆಗೆ ಗೋಡೆ ಹಾಕಿದರೂ ಹಿತ್ತಲ ಕಡೆ ಒಂದು ಬಾಗಿಲು ಬಿಟ್ಟುಕೊಳ್ಳುವುದಿಲ್ಲವೇ, ಹೆಂಗಸರು ಸಾರು ಪಲ್ಯ ಕೊಟ್ಟು ತೆಗೆದುಕೊಳ್ಳಲು, ಹಾಗೆ. ಆದರೆ ಈ ಬಾಗಿಲಿಗೆ ಒಂದು ವಿಚಿತ್ರ ನಿಯಮವಿದೆ. ಒಂದೇ ಕಡೆಯಿಂದ ತೆಗೆದರೆ ಅದು ತೆರೆಯುವುದಿಲ್ಲ. ಈ ಕಡೆಯವರೂ ತೆಗೆಯಬೇಕು, ಆ ಕಡೆಯವರೂ ತೆಗೆಯಬೇಕು. ಅಲ್ಲಿಯವರೆಗೆ “ಆ ಕಡೆಯವರಿಗಾಗಿ ಕಾಯುತ್ತಿದೆ” ಎನ್ನುವ ಅರ್ಥದ ಸೂಚನೆ ತೋರಿಸುತ್ತಾ ಕೂತಿರುತ್ತದೆ. ಮಂಜಣ್ಣನ ಕಡೆಯದನ್ನು ಅಲ್ಲೇ ಕೂತು ಮಾಡಿದೆ. ಮಂಜಣ್ಣ ಕನ್ನಡಕ ಹಾಕಿಕೊಂಡು ಆ ಸೂಚನೆಯನ್ನು ಬಹಳ ಹೊತ್ತು ನೋಡಿದರು.

“ಅವನು ತೆಗೀತಾನಾ?” ಎಂದರು.

“ತೆಗೆಸ್ತೀನಿ” ಎಂದೆ, ನನಗೇ ಗ್ಯಾರಂಟಿ ಇಲ್ಲದಿದ್ದರೂ.

“ಹಾಗಾದ್ರೆ ಭಾನುವಾರ ಮಾಡಿ. ರಾಹುಕಾಲಕ್ಕೆ ಮುಂಚೆ ಮುಗೀಬೇಕು. ಇದು ನೆಪ ಅಲ್ಲ ಗೀತಕ್ಕ, ನಿಜವಾಗ್ಲೂ ಹೇಳ್ತಿದೀನಿ.”

ಭಾನುವಾರ ಊಟ ಮುಗಿಸಿ ಭದ್ರಾವತಿಗೆ ಹೋದೆ. ಸುರೇಶ ಅಂಗಡಿಯ ಶಟರ್ ಅರ್ಧ ಎಳೆದು ಕಾಯುತ್ತಿದ್ದ. ಮೊದಲು ಬಾಗಿಲಿನ ವಿಷಯ ತೆಗೆದೆ. ಹಳೆಯ ಬಿಲ್ಲುಗಳನ್ನು ವರ್ಕ್‌ಶಾಪಿನವರು ಆಗಾಗ ನೋಡಬೇಕಾಗುತ್ತದೆ, ಅದಕ್ಕೆ ಎಂದೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ.

“ಪಾಲಾದ್ಮೇಲೆ ಬಾಗಿಲು ಯಾಕೆ?” ಎಂದ.

“ನಿಮ್ಮಣ್ಣ ಅವರ ಕಡೆಯಿಂದ ಆಗ್ಲೇ ತೆಗ್ದಿದಾರೆ. ನೋಡು, ಕಾಯ್ತಾ ಇದೆ.”

ಸುರೇಶ ನೋಡಿದ. “ಅಣ್ಣ ತೆಗ್ದನಾ? ಅವನೇ ಒಪ್ಪಿದ್ನಾ?” ಎಂದು ಎರಡು ಸಲ ಕೇಳಿದ. ಆಮೇಲೆ ತನ್ನ ಪಾಸ್‌ವರ್ಡ್ ಹಾಕಿ ಒತ್ತಿದ. ಸೂಚನೆ ಬದಲಾಯಿತು, ಎರಡೂ ಕಡೆ ಸೇರಿದೆ ಎಂದು ಬಂತು. ಅವನು ಮೂಗು ಉಜ್ಜಿಕೊಂಡು ನನಗೆ ಬಾದಾಮಿ ಹಾಲು ತರಲು ಹೊರಗೆ ಹೋದ.

ಇನ್ನು ಡಿಲೀಟ್. ಡಿಸ್ಕಿನ ಒಂದು ನಕಲು ತೆಗೆದಿಟ್ಟೆ. ಆಮೇಲೆ ಆ ನಕಲಿನ ಇನ್ನೊಂದು ನಕಲು. ಡಿಲೀಟ್ ಒತ್ತಿದರೆ “ಜೊತೆಗೆ ಡಿಸ್ಕನ್ನೂ ಅಳಿಸಲೇ?” ಎಂದು ಕೇಳುತ್ತದೆ, ಎಷ್ಟು ಸಲೀಸಾಗಿ! ಅದರ ಪಕ್ಕದ ಟಿಕ್ ಗುರುತು ತೆಗೆದೆ. ತೆಗೆದಿದ್ದೇನೆಯೇ ಎಂದು ಕನ್ನಡಕ ಒರೆಸಿ ನೋಡಿದೆ. ಕುಲದೇವರನ್ನು ನೆನೆದು ಒತ್ತಿದೆ. ಮೆಷಿನ್ ಹೋಯಿತು. ಅಷ್ಟು ವರ್ಷ ದಿನಾ ಮಾತಾಡಿಸಿದ ಮೆಷಿನ್, ಇದ್ದ ಜಾಗ ಖಾಲಿ. ಅತ್ತಿತ್ತ ನೋಡದೆ ಹೊಸದನ್ನು ಹುಟ್ಟಿಸಲು ಶುರುಮಾಡಿದೆ. ನೆಟ್‌ವರ್ಕ್ ಯಾವುದು ಎಂದು ಕೇಳಿದಾಗ ಸುರೇಶನದನ್ನು ಆರಿಸಿದೆ. ಅದು ಏಳುವುದಕ್ಕೆ ಕಾಯುತ್ತಾ ಬಾದಾಮಿ ಹಾಲು ಕುಡಿದೆ. ಎದ್ದಿತು! ಬಿಲ್ಲು, ಸ್ಟಾಕು, ಗಿರಾಕಿಗಳ ಹೆಸರು, ಎಲ್ಲ ಇತ್ತು. ಹೆರಿಗೆ ಕೋಣೆಯಿಂದ ಹೊರಗೆ ಬಂದ ದಾದಿಯ ಹಾಗೆ ಸುರೇಶನ ಕಡೆ ನೋಡಿ ನಕ್ಕೆ.

ಅಷ್ಟರಲ್ಲಿ ಗಡಿಯಾರ ನೋಡುತ್ತೇನೆ, ರಾಹುಕಾಲ ಬಾಗಿಲಲ್ಲೇ ನಿಂತಿದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ಮಂಜಣ್ಣನಿಗೆ ಮಾತು ಕೊಟ್ಟಿದ್ದೆ. ಉಳಿದದ್ದು ಒಂದೇ ಕೆಲಸ. ಮೆಷಿನ್ನಿನ ಒಳಗೂ ಒಬ್ಬ ಕಾವಲುಗಾರನಿರುತ್ತಾನೆ, ಇಂಥಿಂಥ ಕಡೆಯಿಂದ ಬಂದವರನ್ನು ಮಾತ್ರ ಬಿಡು ಎಂದು ಅವನಿಗೆ ಹೇಳಿರಬೇಕು. ಇಷ್ಟು ದಿನ ಅವನಿಗೆ ಗೊತ್ತಿದ್ದದ್ದು ಅಣ್ಣನ ನೆಟ್‌ವರ್ಕಿನ ವಿಳಾಸ, ಸುರೇಶನೂ ಅದರ ಮೂಲಕವೇ ಬರುತ್ತಿದ್ದ. ಅವಸರದಲ್ಲಿ ಅದನ್ನು ಅಳಿಸಿ ತಮ್ಮನ ನೆಟ್‌ವರ್ಕಿನ ವಿಳಾಸ ಬರೆದೆ. ಎರಡೂ ಇರಬೇಕಿತ್ತು. ಸುರೇಶನ ಕಂಪ್ಯೂಟರಿನಿಂದ ನೋಡಿದೆ, ಚೆನ್ನಾಗಿ ನಡೆಯಿತು. ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಭಾನುವಾರ ಬೀಗ, ಅಲ್ಲಿಂದ ನೋಡುವವರಿಲ್ಲ. ರಾಹುಕಾಲಕ್ಕೆ ತುಸು ಮೊದಲು ಲ್ಯಾಪ್‌ಟಾಪ್ ಮುಚ್ಚಿದೆ. ಎರಡು ಕಾಂಪೌಂಡಿನ ನಡುವೆ ಬಾಗಿಲು ತೆರೆದು, ಒಳಗಿನ ಕಾವಲುಗಾರನಿಗೆ ಅಣ್ಣ ಬಂದರೆ ಬಿಡಬೇಡ ಎಂದು ಹೇಳಿ ಬಂದಂತಾಗಿತ್ತು. ನಾನೋ ಹಾಡು ಗುನುಗುತ್ತಾ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಮಂಜಣ್ಣ ಎಂದಿನಂತೆ ಟೀ ಇಟ್ಟುಕೊಂಡು ಕೂತರು. ಪುಟ ಹೊಸದಾಗಿ ತೆರೆಯಲೇ ಇಲ್ಲ. ಶನಿವಾರ ಸಂಜೆ ತೆರೆದೇ ಬಿಟ್ಟುಹೋಗಿದ್ದ ಹಳೆಯ ಪುಟ ಪರದೆಯ ಮೇಲೆ ಹಾಗೇ ಇತ್ತು, ಅದರಲ್ಲಿ ಸುರೇಶನ ಹೆಸರು ಬೂದು. ಕಾದರು. ಬೂದು. ನನಗೆ ಫೋನ್ ಮಾಡಿದರು. ನನ್ನ ಫೋನು ಭಾನುವಾರ ಕೆಲಸದ ಹೊತ್ತಿಗೆ ಸೈಲೆಂಟ್ ಮಾಡಿದ್ದು ಹಾಗೇ ಚೀಲದಲ್ಲಿತ್ತು, ನಾನು ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಆಮೇಲೆ, ಇಷ್ಟು ತಿಂಗಳ ನಂತರ, ತಮ್ಮನಿಗೇ ಫೋನ್ ಮಾಡಿದರು. ಅಣ್ಣನ ಹೆಸರು ನೋಡಿದ ಸುರೇಶ, ಮೆಷಿನ್ ಕಳಿಸಿಕೊಟ್ಟು ಈಗ ಜಗಳಕ್ಕೆ ಫೋನ್ ಮಾಡುತ್ತಿದ್ದಾನೆ ಎಂದುಕೊಂಡು ಎತ್ತಲಿಲ್ಲ. ಮತ್ತೆ ಮಾಡಿದರು, ಮತ್ತೆ ಎತ್ತಲಿಲ್ಲ.

ಮಂಜಣ್ಣ ಗ್ರೀಸ್ ಅಂಗಿಯಲ್ಲೇ, ಹೆಲ್ಮೆಟ್ಟೂ ಇಲ್ಲದೆ ಸ್ಕೂಟರ್ ಹತ್ತಿ ಭದ್ರಾವತಿಗೆ ಹೊರಟರಂತೆ. ದಾರಿಯುದ್ದಕ್ಕೂ ಎಲ್ಲಾದರೂ ಜನ ಗುಂಪುಗೂಡಿದ್ದಾರೆಯೇ ಎಂದು ನೋಡುತ್ತಾ ಹೋದರಂತೆ. ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಬಿಟ್ಟರು, ಅದು ಬಿತ್ತು. ಒಳಗೆ ಸುರೇಶ ಗಿರಾಕಿಯೊಬ್ಬರಿಗೆ ಬ್ಲೇಡ್ ತೋರಿಸುತ್ತಾ ನಿಂತಿದ್ದ.

“ಬದುಕಿದೀಯೇನೋ ಕತ್ತೆ! ಫೋನ್ ಯಾಕೋ ಎತ್ಲಿಲ್ಲ?” ಎಂದು ಗಿರಾಕಿಯ ಎದುರಿಗೇ ಕೂಗಿದರಂತೆ.

“ಏನಾಯ್ತು? ನೀನ್ಯಾಕೆ ಬಂದೆ?”

“ಹಸಿರು ಬರ್ಲಿಲ್ಲ.”

“ಏನ್ ಹಸಿರು?”

ಹೇಳದೆ ವಿಧಿಯಿರಲಿಲ್ಲ, ಮಂಜಣ್ಣ ಹೇಳಿದರು. ಸುರೇಶ ಕೈಯಲ್ಲಿದ್ದ ಬ್ಲೇಡನ್ನು ಕೆಳಗಿಟ್ಟ. “ದಿನಾ ನೋಡ್ತಿದ್ಯಾ?” ಎಂದ. ಸುರೇಶ ಹೊರಗೆ ಹೋಗಿ ಬಿದ್ದಿದ್ದ ಸ್ಕೂಟರ್ ಎತ್ತಿ ನಿಲ್ಲಿಸಿ, ಒಳಗೆ ಬಂದು ಸ್ಟೂಲ್ ಎಳೆದು ಕೊಟ್ಟ. “ಕೂತ್ಕೋ. ಹೆಲ್ಮೆಟ್ ಇಲ್ದೆ ಬಂದಿದೀಯಲ್ಲ, ನಿಂಗೇನ್ ಬುದ್ಧಿ ಇದ್ಯಾ?” ಎಂದು ಬೈದ. ಬೈಯುತ್ತಲೇ ಅತ್ತನಂತೆ. ಅಣ್ಣನೂ ಅತ್ತರಂತೆ. ಗಿರಾಕಿ ಬ್ಲೇಡ್ ತೆಗೆದುಕೊಳ್ಳದೆ ಮೆಲ್ಲಗೆ ಜಾಗ ಖಾಲಿ ಮಾಡಿದರಂತೆ.

ಇದೆಲ್ಲ ನನಗೆ ತಿಳಿದದ್ದು ಮಧ್ಯಾಹ್ನ, ಬಟ್ಟೆ ಹರವಿ ಬಂದು ಫೋನ್ ನೋಡಿದಮೇಲೆ. ಮಂಜಣ್ಣನ ಮಿಸ್ಡ್ ಕಾಲ್ ಕಂಡು ಗಾಬರಿಯಿಂದ ಅವರಿಗೆ ಮಾಡಿದೆ. “ಏನ್ ಗೀತಕ್ಕ ನೀವು, ಹಿಂಗಾ ಕೆಲ್ಸ ಮಾಡೋದು?” ಎಂದು ಅವರು ಶುರುಮಾಡಿದರು. ಹಿಂದೆಯೇ, “ಜೀವ ಹೋಗಿತ್ತು ನಮ್ಮಣ್ಣಂದು! ದಾರೀಲಿ ಅವನಿಗೇನಾದ್ರೂ ಆಗಿದ್ರೆ?” ಎಂದು ಸುರೇಶನ ದನಿ. ಒಬ್ಬರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಇನ್ನೊಬ್ಬರು ಮುಂದುವರಿಸುತ್ತಿದ್ದರು. ಆ ಪರಿಯ ಹೊಂದಾಣಿಕೆಯನ್ನು ನಾನು ಅವರಲ್ಲಿ ಪಾಲಾಗುವ ಮೊದಲೂ ಕಂಡಿರಲಿಲ್ಲ.

ಶೀತವೆಂದು ರಜೆ ಹಾಕಿ ಮನೆಯಲ್ಲಿದ್ದ ನನ್ನ ಗಂಡ ಎದ್ದು ಬಂದರು. “ಯಾರದು ಮಾರಾಯ್ತಿ, ಹಂಗೆ ಬೈತಿರೋದು?”

“ಇಬ್ರೂ” ಎಂದೆ. “ಒಂದೇ ಫೋನಲ್ಲಿ!” ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಂಡೆ.

ಕೊನೆಗೆ ಇಬ್ಬರೂ ಸುಸ್ತಾದರು. “ಸರಿ, ಅದನ್ನ ಸರಿ ಮಾಡೋಕೆ ಎಷ್ಟ್ ಹೊತ್ತು ಬೇಕು?” ಎಂದು ಸುರೇಶ ಕೇಳಿದ.

ಕಾವಲುಗಾರನಿಗೆ ಅಣ್ಣನ ವಿಳಾಸವನ್ನೂ ಬರೆದುಕೊಟ್ಟರೆ ಆಯಿತು, ಒಂದು ಸಾಲಿನ ಕೆಲಸ. ಕೈ ತೊಳೆದುಕೊಂಡು ಬಂದು ಕೂತರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ.

“ಕಷ್ಟದ ಕೆಲ್ಸ ಸುರೇಶ” ಎಂದೆ. “ಸಂಜೆ ತನಕ ಆಗುತ್ತೆ. ನೀವಿಬ್ರೂ ಅಂಗಡೀಲೇ ಕೂತಿರ್ಬೇಕು, ಒಬ್ರೂ ಏಳ್ಬಾರ್ದು. ಊಟ ಅಲ್ಲಿಗೇ ತರಿಸ್ಕೊಳ್ಳಿ. ನಾನು ಮಧ್ಯೆ ಮಧ್ಯೆ ಫೋನ್ ಮಾಡ್ತೀನಿ.”

ಕೂತಿದ್ದರು. ಸಂಜೆಯವರೆಗೂ ಕೂತಿದ್ದರು. ಕೆಲಸ ಚಕಚಕ ಮುಗಿಸುತ್ತಾಳೆ ಎಂದು ಇಷ್ಟು ವರ್ಷ ನಾನು ಗಳಿಸಿದ್ದ ಹೆಸರು ಆವತ್ತಿಗೆ ಮುಗಿಯಿತು. ಈಗ ಮಾಚೇನಹಳ್ಳಿಯಲ್ಲಿ ಯಾರು ಕೇಳಿದರೂ ಅಣ್ಣತಮ್ಮಂದಿರು ಒಟ್ಟಿಗೇ ಹೇಳುತ್ತಾರೆ: “ಗೀತಕ್ಕ ಒಳ್ಳೆಯವ್ರೇ. ಕೈ ಸ್ವಲ್ಪ ನಿಧಾನ, ಅಷ್ಟೇ.”